ಬೇವಿನ ಮರಕ್ಕೆ ಕಟ್ಟಿದ ಮೋಡೆಮ್ಮು

ಯಾರಾದರೂ ಹೊಗಳಲಿ ಎಂದು ಕಾಯುತ್ತಾ ಕೂರುವವಳಲ್ಲ ನಾನು. ನಾನೇ ಹೇಳಿಕೊಳ್ಳುತ್ತೇನೆ: ಸಿಂಧಘಟ್ಟದ ಹತ್ತಿರ ನಮ್ಮೂರಿನ ಹೆಂಗಸರ ಹಾಲಿನ ಸಂಘದ ಕಂಪ್ಯೂಟರಿಗೆ ಮೋಡೆಮ್ಮಿನ ಡ್ರೈವರ್ ಸಾಫ್ಟ್‌ವೇರು ಕೂರಿಸಿದವಳು ನಾನು. ಮೈಸೂರಿನಿಂದ ಯಾರೂ ಬಂದಿರಲಿಲ್ಲ. ಕೆ.ಆರ್. ಪೇಟೆಯಿಂದಲೂ ಬಂದಿರಲಿಲ್ಲ.

ಆಗ ನಾನು ಸಂಘದ ಕಾರ್ಯದರ್ಶಿ, ನನ್ನ ನಾದಿನಿ ಹಾಲು ಅಳೆಯುವವಳು. ಬೆಳಿಗ್ಗೆ ಅಳೆದ ಹಾಲಿನ ವಿವರವನ್ನು ಹಾಲು ಒಕ್ಕೂಟಕ್ಕೆ ಇಂಟರ್ನೆಟ್ಟಿನಲ್ಲಿ ನಾವೇ ಕಳಿಸಬೇಕಿತ್ತು. ಅದಕ್ಕೆಂದು ಬೆರಳುದ್ದದ ಒಂದು ಮೋಡೆಮ್ಮು ಕೊಟ್ಟಿದ್ದರು. ಕಟ್ಟಡದೊಳಗೆ ಸಿಗ್ನಲ್ಲು ಸತ್ತರೂ ಬರುತ್ತಿರಲಿಲ್ಲ. ಉದ್ದನೆಯ ವೈರು ಹಾಕಿ, ಕಿಟಕಿಯಾಚೆಯ ಬೇವಿನ ಮರದ ಕೊಂಬೆಗೆ ಅದನ್ನು ಕಟ್ಟಿದ್ದೆವು. ಮಳೆ ಬಂದರೆ ನಾದಿನಿ ಓಡಿಹೋಗಿ ಪ್ಲಾಸ್ಟಿಕ್ ಕವರು ತೊಡಿಸುತ್ತಿದ್ದಳು.

ಚೆನ್ನಾಗಿಯೇ ನಡೆಯುತ್ತಿತ್ತು. ಯಾವಾಗ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಒಕ್ಕೂಟದವರು ಹೊಸದು ಮಾಡಿಕೊಟ್ಟರೋ, ಆವತ್ತಿನಿಂದ ಅದಕ್ಕೆ ಮೋಡೆಮ್ಮಿನ ಗುರುತೇ ಹತ್ತಲಿಲ್ಲ. ಒಕ್ಕೂಟದ ಮೇಲ್ವಿಚಾರಕರು ಬಂದು ನೋಡಿದರು.

"ಇದು ನಿಮ್ ಕೈಲಿ ಆಗಾದಲ್ಲ ಬುಡ್ರಮ್ಮ. ನಾಳೆ ಮಧ್ಯಾಹ್ನ ಜೀಪ್ ತತ್ತೀನಿ, ಕಂಪ್ಯೂಟರ್ನ ಪೇಟೆ ಸಂಘಕ್ಕೆ ಕೊಟ್ಬುಡ್ತೀನಿ. ನೀವು ಅಲ್ಲೇ ಬಂದು ವಿವರ ಬರುಸಿ."

ನಿಮ್ಮ ಕೈಲಿ ಎಂದರೆ ಹೆಂಗಸರ ಕೈಲಿ! ನನಗೆ ಮೈಯೆಲ್ಲ ಉರಿದುಹೋಯಿತು. ಅಡ್ಡ ಸಿಕ್ಕಿಕೊಂಡ ಕರುವನ್ನು ಹೊರಗೆಳೆಯುವುದು ನಮ್ಮ ಕೈಲಾಗುತ್ತದೆ, ಇದೊಂದು ಆಗುವುದಿಲ್ಲವೇ? ಕಂಪ್ಯೂಟರು ಹೋದರೆ ಸಂಘ ಹೆಸರಿಗಷ್ಟೇ ನಮ್ಮದು. ಹಾಲು ನಮ್ಮದು, ಯಜಮಾನಿಕೆ ಪೇಟೆಯ ಗಂಡಸರದ್ದು. ಅದನ್ನು ನೋಡಿಕೊಂಡು ನಾನು ಸುಮ್ಮನಿರುವವಳಲ್ಲ.

ನಾಗಮಂಗಲದಲ್ಲಿ ನನ್ನ ತಮ್ಮ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಆವತ್ತೇ ಅವನಿಗೆ ಫೋನು ಮಾಡಿದೆ. ಅಂಗಡಿ ಬಿಟ್ಟು ಬರಲಾಗದೆ, ಮೋಡೆಮ್ಮಿನ ಗುರುತು ಹತ್ತಿಸುವ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿ ಮಾರನೆಯ ಬೆಳಗಿನ ಬಸ್ಸಿನ ಕಂಡಕ್ಟರನ ಕೈಲಿ ಕಳಿಸಿದ. ಅದೇನು ಸಿದ್ಧ ಮಾಲಲ್ಲ, ರಾಗಿ ಕೊಟ್ಟ ಹಾಗೆ. ಬೀಸಿ ಹಿಟ್ಟು ಮಾಡಿಕೊಳ್ಳಬೇಕಾದವರು ನಾವೇ. ಅದಕ್ಕೆ ಕಂಪೈಲ್ ಮಾಡುವುದು ಎನ್ನುತ್ತಾರಂತೆ.

ಫೈಲುಗಳನ್ನು ಇಳಿಸಿಕೊಂಡು, ತಮ್ಮ ಹೇಳಿದಂತೆ ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಪರದೆ ತೆರೆದು ಕೂತೆ. ಫೋನಿಗೂ ಸಿಗ್ನಲ್ಲು ಬೇವಿನ ಮರದಡಿಯೇ. ಹಾಗಾಗಿ ನಾದಿನಿ ಅಲ್ಲಿ ಫೋನು ಕಿವಿಗಿಟ್ಟುಕೊಂಡು ನಿಂತಳು. ತಮ್ಮ ಅವಳಿಗೆ ಹೇಳುವುದು, ಅವಳು ಕಿಟಕಿಯಿಂದ ನನಗೆ ಕೂಗುವುದು, ನಾನು ಟೈಪ್ ಮಾಡುವುದು.

"ಸಿ, ಡಿ! ಒಸಿ ಜಾಗ ಬುಡಿ! ಒಂದು ಓರೆ ಗೀಟು! ಆಮೇಲೆ ಓಮ್!"

"ಏನು?"

"ಓಮ್ ಕಣತ್ಗೆ, ಓಮ್!"

ಪರವಾಗಿಲ್ಲ, ತಮ್ಮ ದೇವರ ಹೆಸರಿನಿಂದಲೇ ಶುರು ಮಾಡಿಸುತ್ತಿದ್ದಾನೆ ಎಂದು ಖುಷಿಯಾಯಿತು. ಭಕ್ತಿಯಿಂದ ಓ, ಎಮ್ಮು ಒತ್ತಿದೆ. ಅಂಥ ಜಾಗವೇ ಇಲ್ಲ ಎಂದಿತು ಕಂಪ್ಯೂಟರು. ದೊಡ್ಡಕ್ಷರದಲ್ಲಿ ಒತ್ತಿದೆ, ಇಲ್ಲ. ಎರಡು ಓ ಹಾಕಿದೆ, ಇಲ್ಲ. ಹೊತ್ತು ಏರುತ್ತಿತ್ತು, ಜೀಪು ಬರುವ ಹೊತ್ತಾಗುತ್ತಿತ್ತು.

"ಸರ್ಯಾಗಿ ಕೇಳುಸ್ಕಂಡು ಏಳೇ!" ಎಂದು ರೇಗಿದೆ.

"ಇನ್ನೆಂಗ್ ಏಳ್ಲಿ? ಗಂಟ್ಲು ಅರ್ದೋಯ್ತು!"

ತಾಳ್ಮೆಗೆಟ್ಟು ಹೊರಗೆ ಓಡಿ ಅವಳ ಕೈಯಿಂದ ಫೋನು ಕಿತ್ತುಕೊಂಡೆ. "ಲೇ, ಅದ್ಯಾವ ಓಮ್ ಕಣ್ಲಾ ನಿಂದು? ಶಿವನ್ ಓಮಾ?"

ಆ ಕಡೆ ತಮ್ಮ ಬಿದ್ದು ಬಿದ್ದು ನಕ್ಕ. "ಅಯ್ಯೋ ಅಕ್ಕ, ಮನೆ ಕಣಕ್ಕ, ಮನೆ! ಇಂಗ್ಲಿಷ್‌ನಲ್ಲಿ ಮನೆಗೆ ಏನಂತಾರೆ?"

"ಓಮ್" ಎಂದೆ. ಎಂದ ಮೇಲೆ ನನಗೇ ಹೊಳೆಯಿತು. ನಮ್ಮ ಕಡೆ ಹಾಲು ಆಲು, ಹಸು ಅಸು, ಇನ್ನು ಹೋಮ್ ಓಮ್ ಆಗದೆ ಏನಾದೀತು? ತಮ್ಮನೂ ಓಮ್ ಎಂದಿದ್ದ, ನಾದಿನಿಯೂ ಓಮ್ ಎಂದಿದ್ದಳು, ಬಿ.ಎ. ಮಾಡಿದ ನಾನೂ ಓಮ್ ಎಂದೇ ಕೇಳಿಸಿಕೊಂಡಿದ್ದೆ. ಮೂರು ಬಾಯಲ್ಲಿ ಒಂದು ಹಕಾರ ಇರಲಿಲ್ಲ. ಓಡಿಬಂದು ಮುಂದೊಂದು ಎಚ್ಚು, ಕೊನೆಗೊಂದು ಇ ಸೇರಿಸಿದೆ. ಕಂಪ್ಯೂಟರು ಚಕಾರವೆತ್ತಲಿಲ್ಲ.

ಉಳಿದದ್ದನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿಸಿಕೊಂಡೆ. ಕಂಪೈಲ್ ಶುರುವಾಯಿತು. ಸಾಲಿನ ಮೇಲೆ ಸಾಲು ಓಡತೊಡಗಿತು. ನಡುನಡುವೆ ಎಚ್ಚರಿಕೆಯ ಸಾಲುಗಳು ಕಾಣಿಸಿಕೊಂಡವು. ಎಚ್ಚರಿಕೆ ಬಂದರೆ ಬರಲಿ, ಎರರ್ ಬರಬಾರದು ಎಂದಿದ್ದ ತಮ್ಮ. ಬರಲಿಲ್ಲ. ಕೂರಿಸುವ ಕೊನೆಯ ಆಜ್ಞೆ ಒತ್ತಿ, ಕಿಟಕಿಯತ್ತ ನೋಡಿದೆ.

"ಅತ್ಗೇ! ದೀಪ ಅತ್ಕತು ಕಣತ್ಗೆ! ನೀಲಿ ದೀಪ!" ಮರದಡಿಯಿಂದ ನಾದಿನಿ ಕೂಗಿದಳು. ನನಗೆ ಕಣ್ಣಲ್ಲಿ ನೀರೇ ಬಂದುಬಿಟ್ಟಿತು. ಸೆರಗಿನಲ್ಲಿ ಒರೆಸಿಕೊಂಡು, ಆವತ್ತಿನ ಹಾಲಿನ ವಿವರವನ್ನು ಕೂತಲ್ಲಿಂದಲೇ ಕಳಿಸಿದೆ.

ಹಗ್ಗ, ಗೋಣಿಚೀಲಗಳ ಸಮೇತ ಜೀಪು ಬಂತು. ಮೇಲ್ವಿಚಾರಕರು ಒಳಗೆ ಬಂದು ಪರದೆಯನ್ನು ನೋಡಿದರು, ಬಗ್ಗಿ ಮತ್ತೊಮ್ಮೆ ನೋಡಿದರು.

"ಯಾರ್ನ ಕರುಸಿದ್ರಿ?"

"ಯಾರ್ನೂ ಇಲ್ಲ ಕಣ್ ಸಾ. ಫೋನಲ್ಲಿ ಇವ್ರ್ ತಮ್ಮ ಏಳ್ದ, ನಾನ್ ಕೂಗ್ದೆ, ಇವ್ರ್ ಮಾಡುದ್ರು" ಎಂದಳು ನಾದಿನಿ.

ಅವರು ಕಿಟಕಿಗೆ ಹೋಗಿ ಮರದ ಮೇಲಿನ ನೀಲಿ ದೀಪ ನೋಡಿ ಬಂದರು. ಆಮೇಲೆ ದನಿ ಇಳಿಸಿ, "ಶೀಳನೆರೆ ಕಡೆ ಇನ್ನೊಂದು ಸಂಘದಲ್ಲೂ ಇದೇ ತೊಂದ್ರೆ ಆಗದೆ. ಒಸಿ ಬಂದ್ ನೋಡ್ತೀರಾ?" ಎಂದರು.

"ಬತ್ತೀವಿ. ಇಬ್ರೂ ಬತ್ತೀವಿ" ಎಂದೆ.

ಕಂಪ್ಯೂಟರು ಹೇರಿಕೊಂಡು ಹೋಗಲು ಬಂದ ಜೀಪು ನಮ್ಮನ್ನು ಹತ್ತಿಸಿಕೊಂಡು ಹೊರಟಿತು. ನಾನೂ ನಾದಿನಿಯೂ ಮುಂದಿನ ಸೀಟಿನಲ್ಲಿ, ಜೀಪು ಓಡಿಸುವವನ ಪಕ್ಕ ಕೂತೆವು. ಮೇಲ್ವಿಚಾರಕರು ಹಿಂದೆ, ಖಾಲಿ ಗೋಣಿಚೀಲದ ಪಕ್ಕ ಕೂತರು.