ಮುಂದೆ ಸರಿಯದ ಚಪ್ಪಲಿ

ಸಿಸ್ಟರ್ ಅವರ ಎಡಗಣ್ಣಿನ ರೆಪ್ಪೆ ಅರ್ಧ ಜೋತು ಬಿದ್ದಿತ್ತು. ಅದರ ಮೇಲೆ ಸದಾ ನೆಲ ನೋಡುವ ಅಭ್ಯಾಸ ಬೇರೆ. ಸಿಂದಗಿಯ ಆ ಸಣ್ಣ ದವಾಖಾನೆಯಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದ ಹೊಸತರಲ್ಲಿ, ನನಗೆ ಕೆಲಸ ಕಲಿಸಬೇಕಾದ ಹೆಂಗಸು ಕೂತಲ್ಲೇ ತೂಕಡಿಸುತ್ತಾರೆಂದು ಒಳಗೊಳಗೇ ನಕ್ಕಿದ್ದೆ.

ಅವರು ನೋಡುತ್ತಿದ್ದದ್ದು ಚಪ್ಪಲಿಗಳನ್ನು. ಮೊದಲ ಬಸ್ಸಿಗೆ ಹಳ್ಳಿಗಳಿಂದ ಬಂದವರು ಡಾಕ್ಟರು ಬರುವ ತನಕ ನಿಂತಿರುವುದಿಲ್ಲ. ಚೀಟಿ ಕಿಟಕಿಯ ಮುಂದೆ ಚಪ್ಪಲಿಯನ್ನು ಸಾಲಾಗಿ ಪಾಳೆಗೆ ಇಟ್ಟು ಬೇವಿನ ಮರದ ಕೆಳಗೆ ಹೋಗಿ ಕೂರುತ್ತಾರೆ. ಪಾಳೆ ಸರಿದಂತೆ ಎದ್ದು ಬಂದು ತಮ್ಮ ಜೋಡನ್ನು ಕಾಲಲ್ಲೇ ಒಂದಿಷ್ಟು ಮುಂದೆ ತಳ್ಳಿ ಮತ್ತೆ ನೆರಳಿಗೆ.

ಒಂದು ವಾರ ಅವರು ನನಗೆ ಪೆನ್ನು ಮುಟ್ಟಗೊಡಲಿಲ್ಲ. “ಮೊದ್ಲ ನೋಡೂದ ಕಲಿ. ಒದರಾಕತ್ತಾಂವಗ ಒದರಾಕರ ಉಸರ ಐತಿ. ಸುಮ್ನ ಕುಂತಾರಲ್ಲ, ಅವ್ರನ್ನ ನೋಡ,” ಎನ್ನುತ್ತಿದ್ದರು.

ಎರಡನೆಯ ವಾರ ಪೆನ್ನು ಕೈಗೆ ಬಂತು, ಜೊತೆಗೆ ಒಂದಿಷ್ಟು ಕೊಬ್ಬೂ. ಒಂದು ಮುಂಜಾನೆ ಪಾಳೆಯ ನಡುವೆ ಒಂದು ಜೋಡು ಮುಂದೆ ಸರಿಯದೆ ಉಳಿಯಿತು. ಹಿಂದಿನವರು ಗದ್ದಲ ಮಾಡಿದರು. ನಾನು ಎದ್ದು ಹೋಗಿ ಅದನ್ನು ಪಕ್ಕಕ್ಕೆ ಸರಿಸಿ, ಮುಂದಿನವರ ಹೆಸರು ಬರೆಯತೊಡಗಿದೆ.

“ಅವು ಯಾರವ?” ಎಂದರು ಸಿಸ್ಟರ್.

“ಯಾರೂ ಇಲ್ಲರಿ.”

“ಯಾರೂ ಇಲ್ಲಂದ್ರ ಚಪ್ಪಲಿ ತಾವ ನಡಕೋತ ಬಂದಾವೇನ ತಂಗಿ?”

ಹಾಗೆಂದವರೇ ಹೊರಗೆ ಓಡಿದರು. ತಾಂಬಾ ಎಂಬ ಹಳ್ಳಿಯ ಒಬ್ಬ ರೈತ ಮರದ ಬುಡಕ್ಕೆ ಒರಗಿದ್ದ. ಅಂಗಿ ಬೆವರಿಗೆ ಮೈಗಂಟಿತ್ತು. “ಸ್ವಲ್ಪ ಗ್ಯಾಸ್ ಆಗೇತ್ರಿ ಅಕ್ಕಾರ, ಅವ್ರದ ಮೊದ್ಲ ಮಾಡ್ರಿ,” ಎಂದ. ಅದು ಗ್ಯಾಸ್ ಆಗಿರಲಿಲ್ಲ, ಹೃದಯಾಘಾತ. ಡಾಕ್ಟರು ಮದ್ದು ಕೊಟ್ಟು ಆಂಬುಲೆನ್ಸಿನಲ್ಲಿ ವಿಜಯಪುರಕ್ಕೆ ಕಳಿಸಿದರು, ಬದುಕಿಕೊಂಡ. ಬೈಗುಳಕ್ಕೆ ಕಾದು ಕೂತೆ. ಸಿಸ್ಟರ್ ಆ ಚಪ್ಪಲಿಯನ್ನು ತಂದು ಕಿಟಕಿಯ ಕೆಳಗೆ ಜೋಪಾನವಾಗಿ ಇಟ್ಟರು, ಅಷ್ಟೇ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ತಿಂಗಳ ಮೇಲೆ ಆತ ಚೀಲ ತುಂಬ ನಿಂಬೆಹಣ್ಣು ತಂದ. ಸಿಸ್ಟರ್ ಒಂದನ್ನು ಎತ್ತಿಕೊಂಡು ಉಳಿದದ್ದನ್ನು ನನ್ನ ಕಡೆ ತಳ್ಳಿದರು. “ಒಬ್ಬಾಕಿಗೆ ಎಷ್ಟ ಬೇಕು, ತಂಗಿ?” ಅವರ ಮನೆಯವರ ಸುದ್ದಿಯನ್ನು ಯಾರೂ ಕೇಳುತ್ತಿರಲಿಲ್ಲ, ನಾನೂ ಕೇಳಲಿಲ್ಲ.

ನಿವೃತ್ತಿಯ ಮೇಲೆ ದವಾಖಾನೆಯ ಹತ್ತಿರದ ಓಣಿಯಲ್ಲೇ ಒಂದು ಕೋಣೆ ಹಿಡಿದರು. ಹಾದುಹೋಗುವಾಗ ನಾನು “ಆರಾಮ ಅದೀರೇನ್ರಿ?” ಎಂದು ಕೂಗುವುದು, ಅವರು ಒಳಗಿಂದಲೇ “ಆರಾಮ, ನೀ ಹೋಗ, ಪಾಳೆ ಹತ್ತಿರ್ತೈತಿ” ಎಂದು ಓಡಿಸುವುದು ದಿನದ ವಾಡಿಕೆ. ಒಳಗೆ ಹೋಗಿ ಚಹಾ ಕುಡಿದದ್ದು ಎಷ್ಟು ಸಲ ಎಂದು ಮಾತ್ರ ಕೇಳಬೇಡಿ.

ಹೋದ ಚಳಿಗಾಲದ ಒಂದು ಸೋಮವಾರ ಕೂಗಿದೆ, ಉತ್ತರ ಬರಲಿಲ್ಲ. ಹೊಸ್ತಿಲ ಹೊರಗೆ ಅವರ ಚಪ್ಪಲಿ ಇತ್ತು, ಒಂದು ಮಗುಚಿ ಬಿದ್ದಿತ್ತು. ಮನೆಯಲ್ಲೇ ಇದ್ದಾರೆ, ಮಲಗಿರಬೇಕು ಎಂದುಕೊಂಡು ನಡೆದೆ. ಮಂಗಳವಾರವೂ ಚಪ್ಪಲಿ ಹಾಗೇ ಇತ್ತು. ಅಂದು ನನಗೆ ತಡವಾಗಿತ್ತು, ಕೂಗಲೂ ಇಲ್ಲ. ಬುಧವಾರ ಚೀಟಿ ಬರೆಯುತ್ತಿದ್ದಾಗ ಪಾಳೆಯಲ್ಲಿ ಒಂದು ಜೋಡು ಸರಿಯದೆ ನಿಂತಿತು. ಅದರ ಒಡತಿ ಚಹಾ ಕುಡಿಯಲು ಹೋಗಿದ್ದಳಷ್ಟೇ. ಆದರೆ ನನಗೆ ಹೊಸ್ತಿಲ ಹೊರಗಿನ ಆ ಮಗುಚಿದ ಚಪ್ಪಲಿ ನೆನಪಾಯಿತು. ಪೆನ್ನು ಬಿಟ್ಟು ಓಣಿಗೆ ಓಡಿದೆ.

ನೆರೆಯವರು ಬಾಗಿಲು ಒಡೆದರು. ಜೀವ ಹೋಗಿ ಎರಡು ದಿನವಾಗಿದೆ ಎಂದರು ಡಾಕ್ಟರು. “ನಿದ್ದಿಯೊಳಗ ಹೋಗ್ಯಾರ. ನೀ ಬಂದಿದ್ರೂ ಏನೂ ಆಗ್ತಿದ್ದಿಲ್ಲ,” ಎಂದು ಸಮಾಧಾನವನ್ನೂ ಹೇಳಿದರು. ಅದೇ ಮಾತನ್ನು ಅವರು ಎಷ್ಟೋ ಮನೆಯವರಿಗೆ ಹೇಳುವುದನ್ನು ಕಿಟಕಿಯ ಈ ಕಡೆ ಕೂತು ಕೇಳಿದ್ದೇನೆ.

ಈಗ ಹೊಸ ಹುಡುಗಿಯರು ಬಂದರೆ ನಾನೂ ಒಂದು ವಾರ ಪೆನ್ನು ಕೊಡುವುದಿಲ್ಲ. ಚಪ್ಪಲಿ ನೋಡಲು ಕೂರಿಸಿ ತಾಂಬಾದ ರೈತನ ಕಥೆ ಹೇಳುತ್ತೇನೆ. ಮೊನ್ನೆ ಒಬ್ಬಳು ಕೇಳಿದಳು: “ಆಮ್ಯಾಲೆ ಮತ್ತ ಯಾವತ್ತರ ಹಂಗ ತಪ್ಪಿತ್ತೇನ್ರಿ ಅಕ್ಕಾರ?”

“ಇಲ್ಲವ್ವಾ,” ಎಂದೆ.