ಗೋಪಿಕಾಬಾಯಿಯ ಎರಡು ಮೈಕು

ಸೊಲ್ಲಾಪುರದ ಟೆಲಿಫೋನ್ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ಗೋಪಿಕಾಬಾಯಿಗೆ ಒಂದು ಕಡೆ ಸುಮ್ಮನೆ ಕೂತು ಗೊತ್ತಿರಲಿಲ್ಲ. ಊಟಕ್ಕೆ ಕೂತರೆ ನಡುವೆ ನಾಲ್ಕು ಸಲ ಎದ್ದು ಒಲೆಯ ಹತ್ತಿರ ಹೋಗುವರು. ಬಸ್ಸಿಗೆ ಕಾಯುವಾಗ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಅಡ್ಡಾಡುವರು. ಎಕ್ಸ್‌ಚೇಂಜಿನಲ್ಲಿ ಮಾತ್ರ ಈ ಸ್ವಭಾವದಿಂದ ಯಾರಿಗೂ ತೊಂದರೆಯಾಗಲಿಲ್ಲ. ಅಲ್ಲಿ ಎಡಕ್ಕೆ ವಾಲಿ ಗುಲಬರ್ಗಾದ ತಂತಿ ಚುಚ್ಚಬೇಕು, ಬಲಕ್ಕೆ ವಾಲಿ ಪುಣೆಯ ತಂತಿ ಕೀಳಬೇಕು, ಒಬ್ಬ ವ್ಯಾಪಾರಿಗೆ ಮರಾಠಿಯಲ್ಲಿ ಸಮಾಧಾನ ಹೇಳುತ್ತಲೇ ಇನ್ನೊಬ್ಬನಿಗೆ ಕನ್ನಡದಲ್ಲಿ ಗದರಬೇಕು. ಚಡಪಡಿಸುವವರಿಗೆಂದೇ ಮಾಡಿಟ್ಟ ಕೆಲಸ ಅದು.

ಅವರಿಗಿದ್ದ ಇನ್ನೊಂದು ಗೀಳು ಪೇಟಿ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಎಡಗೈ ತಿದಿ ಒತ್ತುತ್ತಿರುವಾಗ ಬಲಗೈ ಕರಿ-ಬಿಳಿ ಪಟ್ಟಿಗಳ ಮೇಲೆ ಓಡುತ್ತಿತ್ತು, ತಲೆ ಒಮ್ಮೆ ಪಟ್ಟಿಗಳತ್ತ ಬಗ್ಗಿದರೆ ಮತ್ತೊಮ್ಮೆ ತಬಲಾದತ್ತ ತಿರುಗುತ್ತಿತ್ತು. ಹಾಗೆ ಇಡೀ ಮೈಯಿಂದ ಅವರು ಹಾಡುತ್ತಿದ್ದರು. ತಬಲಾ ಬಾರಿಸುವವರು ಅವರ ಗಂಡ ಶಿವಾನಂದ, ರೈಲ್ವೆ ಪಾರ್ಸಲ್ ಆಫೀಸಿನ ಗುಮಾಸ್ತ. ಅರಿವೆ ವ್ಯಾಪಾರಿಗಳ ಮನೆಯ ಸುಮಿತ್ರಾಬಾಯಿ ನಡೆಸುತ್ತಿದ್ದ ಹೆಂಗಸರ ಭಜನಾ ಮಂಡಳದಲ್ಲಿ ಗಂಡಸು ಎಂದರೆ ಅವರೊಬ್ಬರೇ. ತಬಲಾ ಬಲ್ಲ ಹೆಂಗಸು ಸಿಕ್ಕಿರಲಿಲ್ಲ.

ಮನೆಯ ಪಡಸಾಲೆಗಳಲ್ಲಿ ಹಾಡುತ್ತಿದ್ದಷ್ಟು ದಿನ ಎಲ್ಲ ಸರಿ ಇತ್ತು. ಎಪ್ಪತ್ತೈದನೆಯ ಇಸವಿಯಲ್ಲಿ ಅಕ್ಕಲಕೋಟದ ಒಂದು ಧರ್ಮಶಾಲೆಯಿಂದ ಮಂಡಳಕ್ಕೆ ಕರೆ ಬಂತು. ದೊಡ್ಡ ಸಭಾಗೃಹ, ಎರಡೂ ಗೋಡೆಗೆ ಲೌಡ್‌ಸ್ಪೀಕರ್. ಸೊಲ್ಲಾಪುರದ ಮಧಲಾ ಮಾರುತಿ ಗುಡಿಯ ಹತ್ತಿರ ಅಂಗಡಿ ಇಟ್ಟಿದ್ದ ಅಣ್ಣಾರಾಯ ಸ್ಪೀಕರು ತಂದಿದ್ದರು. ಪೇಟಿಯ ಮುಂದೆ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ, ಅದರ ಮೈಕನ್ನು ಗೋಪಿಕಾಬಾಯಿಯ ಬಾಯಿಗೆ ಸರಿಯಾಗಿ ತಿರುಗಿಸಿ ಹೋದರು.

ಪದದ ಮೊದಲ ಸಾಲು ಸಭಾಗೃಹ ತುಂಬಿತು. ಎರಡನೆಯದರಲ್ಲಿ ಅರ್ಧ ಮಾತ್ರ ಕೇಳಿತು. ಗೋಪಿಕಾಬಾಯಿ ಪಟ್ಟಿ ನೋಡಲು ಬಗ್ಗಿದರೆ ದನಿ ಹೋಗುತ್ತಿತ್ತು, ತಲೆ ಎತ್ತಿದರೆ ಗುಡುಗಿದಂತೆ ಬರುತ್ತಿತ್ತು. ಹಿಂದಿನ ಸಾಲಿನ ಹೆಂಗಸರು ನಗತೊಡಗಿದರು. ಅಣ್ಣಾರಾಯ ವೇದಿಕೆಯ ಪಕ್ಕಕ್ಕೆ ಬಂದು ಪಿಸುಗುಟ್ಟಿದರು:

"ಬಾಯಿ, ನೀವು ಮೈಕ್ ಬಿಟ್ಟು ಊರೆಲ್ಲಾ ತಿರಗಾಕತ್ತೀರಿ. ನಾ ಏನ್ ಮಾಡ್ಲಿ?"

ಮರಳುವ ಬಸ್ಸಿನಲ್ಲಿ ಸುಮಿತ್ರಾಬಾಯಿ ತೀರ್ಮಾನ ಹೇಳಿಬಿಟ್ಟರು: "ಮುಂದಿನ ಸಲ ದ್ರೌಪದಿ ಹಾಡ್ಲಿ. ನೀವು ಪೇಟಿ ಬಾರಿಸ್ರಿ, ಸಾಕು."

ದ್ರೌಪದಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮೈಕಿನ ಮುಂದೆ ಕೈಕಟ್ಟಿ ನಿಂತರೆ ಪದ ಮುಗಿಯುವವರೆಗೆ ಅಲುಗದವರು. ದನಿ ಸಣ್ಣದು, ಆದರೆ ಪ್ರತಿ ಅಕ್ಷರ ಕೇಳಿಸುತ್ತಿತ್ತು.

ಮನೆಗೆ ಬಂದ ಮೇಲೆ ಗೋಪಿಕಾಬಾಯಿಗೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಕಿಟಕಿಯ ಸರಳಿಗೆ ಒಂದು ಸೌಟು ಕಟ್ಟಿ, ಅದೇ ಮೈಕೆಂದುಕೊಂಡು ಅದರ ಮುಂದೆ ಪೇಟಿ ಇಟ್ಟು ಹಾಡಿದರು. ಶಿವಾನಂದ ಎದುರಿಗೆ ಕೂತು ನೋಡುತ್ತಿದ್ದರು.

"ಹೋದಿ ನೋಡು. ಮತ್ತ ಹೋದಿ."

"ಎಲ್ಲಿ ಹೋದೆನ್ರಿ? ಇಲ್ಲೇ ಅದೀನಿ."

"ಸೌಟು ಅಲ್ಲೈತಿ, ನೀ ಇಲ್ಲಿದ್ದಿ."

ಹಟ ಹಿಡಿದು ಕುತ್ತಿಗೆ ಬಿಗಿಹಿಡಿದರೆ ಬೆರಳೂ ಬಿಗಿಯುತ್ತಿತ್ತು, ಪದ ಪಾಠ ಒಪ್ಪಿಸಿದಂತೆ ಬರುತ್ತಿತ್ತು. ಒಂದು ದಿನ ಸಿಟ್ಟಿಗೆದ್ದು ಸೌಟು ಬಿಚ್ಚಿ ಅಡುಗೆಮನೆಗೆ ಒಗೆದರು.

ಮರುವಾರ ಎಕ್ಸ್‌ಚೇಂಜಿನಲ್ಲಿ ದುಧನಿಯ ಅಡತಿ ದಲ್ಲಾಳಿಯೊಬ್ಬ ಕೂಗಾಡುತ್ತಿದ್ದ. ಗೋಪಿಕಾಬಾಯಿ ಕುರ್ಚಿಯಿಂದ ಅರ್ಧ ಎದ್ದು, ಮುಖ ಪೂರ್ತಿ ಆಚೆ ತಿರುಗಿಸಿ ದೂರದ ತಂತಿ ಎಳೆಯುತ್ತಲೇ ಅವನಿಗೆ ಉತ್ತರ ಕೊಟ್ಟರು. ಒಂದಕ್ಷರವೂ ಅವನಿಗೆ ತಪ್ಪಲಿಲ್ಲ. ಕೈ ಅಲ್ಲೇ ನಿಂತಿತು. ತಲೆಯ ಮೇಲೆ ಹೆಡ್‌ಸೆಟ್ ಇತ್ತು, ಬಾಯಿ ತಿರುಗಿದ ಕಡೆಗೆ ಮೈಕೂ ತಿರುಗಿತ್ತು. ಇಷ್ಟು ವರ್ಷ ಅದನ್ನು ತಲೆಗೇರಿಸಿಕೊಂಡೇ ಕೂತಿದ್ದರು!

ಡ್ಯೂಟಿ ಮುಗಿದದ್ದೇ ಅಣ್ಣಾರಾಯರ ಅಂಗಡಿಗೆ ಹೋದರು. ಅವರು ಮೊದಲು ನಕ್ಕರು, ಆಮೇಲೆ ತಲೆ ಕೆರೆದುಕೊಂಡರು, ಕೊನೆಗೆ ಗುಜರಿಯಲ್ಲಿ ಹುಡುಕಿ ಒಂದು ಹಳೆಯ ಹೆಡ್‌ಸೆಟ್ ತಂದರು. ಆಂಪ್ಲಿಫೈಯರಿಗೆ ಜೋಡಿಸಿ ಹಾಡಿಸಿದಾಗ ದನಿ ಡಬ್ಬಿಯೊಳಗಿಂದ ಬಂದಂತಾಯಿತು.

"ಇದು ಭಜನಿ ಅಲ್ರಿ ಬಾಯಿ, ಟ್ರಂಕ್ ಕಾಲ್!" ಎಂದರು ಅಣ್ಣಾರಾಯ.

ಆದರೂ ಅವರಿಗೆ ಹುರುಪು ಹತ್ತಿತ್ತು. ಹೆಡ್‌ಸೆಟ್ಟಿನಲ್ಲಿದ್ದ ಟೆಲಿಫೋನಿನ ಮೈಕು ಕಿತ್ತು, ಕೆಟ್ಟುಹೋದ ಟೇಪ್ ರೆಕಾರ್ಡರಿನ ಬಟಾಣಿಯಷ್ಟು ದೊಡ್ಡ ಮೈಕನ್ನು ಆ ತಂತಿಯ ತುದಿಗೆ ಕೂಡಿಸಿದರು. ಈ ಸಲ ಬಂದದ್ದು ಗೋಪಿಕಾಬಾಯಿಯದೇ ದನಿ. ಉಸಿರು ಎಳೆದದ್ದೂ ಕೇಳಿಸುತ್ತಿತ್ತು. ಮೈಕನ್ನು ತುಸು ಬದಿಗೆ ಸರಿಸಿ ಅದನ್ನು ಕಡಿಮೆ ಮಾಡಿದರು.

ಅಕ್ಕಲಕೋಟಕ್ಕೆ ಮತ್ತೆ ಹೋಗುವ ಹೊತ್ತಿಗೆ ಗೋಪಿಕಾಬಾಯಿ ಸುಮಿತ್ರಾಬಾಯಿಯನ್ನು ಕಾಡಿ ಬೇಡಿ ಮೂರು ಪದಗಳಿಗೆ ಒಪ್ಪಿಗೆ ಪಡೆದಿದ್ದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೆಡ್‌ಸೆಟ್ ಮರೆಮಾಡಿದರು. ತಂತಿ ಬೆನ್ನ ಹಿಂದಿನಿಂದ ಇಳಿದಿತ್ತು.

ಹಾಗೆ ಅವರು ಎಂದೂ ಹಾಡಿರಲಿಲ್ಲ. ಬಗ್ಗಿದರು, ಹೊಯ್ದಾಡಿದರು, ಗಂಡನ ಕಡೆ ತಿರುಗಿ ಹುಬ್ಬು ಹಾರಿಸಿದರು, ದನಿ ಎಲ್ಲೂ ತಪ್ಪಲಿಲ್ಲ. ಮೂರನೆಯ ಪದ ಮುಗಿದಾಗ ಜನ ಇನ್ನೊಂದು ಬೇಕೆಂದು ಕೂಗಿದರು. ಸುಮಿತ್ರಾಬಾಯಿಯ ಮುಖವೂ ಅರಳಿತ್ತು. ಆಮೇಲೆ ದ್ರೌಪದಿ ಎದ್ದು ಸ್ಟ್ಯಾಂಡ್ ಮೈಕಿನ ಮುಂದೆ ನಿಂತರು. ಗೋಪಿಕಾಬಾಯಿಯ ಕೈ ಪೇಟಿಯ ಮೇಲೆಯೇ ಇತ್ತು. ಹೆಡ್‌ಸೆಟ್ ತೆಗೆಯಬೇಕೆಂದು ಅವರಿಗಾಗಲಿ ಅಣ್ಣಾರಾಯರಿಗಾಗಲಿ ಹೊಳೆಯಲಿಲ್ಲ.

ಪದ ಮೇಲಕ್ಕೇರಿತು. ದ್ರೌಪದಿಯ ದನಿ ಅಲ್ಲಿಗೆ ಮುಟ್ಟದೆ ಕೆಳಗೆ ಜಾರಿತು. ಗೋಪಿಕಾಬಾಯಿ ಗಂಡನ ಕಡೆ ಬಾಗಿ, ಮನೆಯಲ್ಲಿ ಮಾತಾಡುವ ಹಾಗೆಯೇ ಅಂದರು:

"ಮತ್ತ ಜಾರಿದ್ಲ ನೋಡ್ರಿ. ಆಕಿಗೆ ಮ್ಯಾಲಿನ ಸ್ವರ ಎಂದ ಹತ್ತ್ಯಾದ?"

ಎರಡೂ ಗೋಡೆಯ ಲೌಡ್‌ಸ್ಪೀಕರುಗಳು ಆ ಮಾತನ್ನು ಸಭೆಗೆಲ್ಲ ಹೇಳಿದವು. ಯಾರೋ ಗೊಳ್ಳೆಂದು ನಕ್ಕರು. ದ್ರೌಪದಿ ಸಾಲಿನ ನಡುವೆಯೇ ನಿಲ್ಲಿಸಿ, ಜನರಿಗೆ ಕೈಮುಗಿದು, ವೇದಿಕೆ ಇಳಿದು ಹೋದರು. ಶಿವಾನಂದರ ಕೈ ತಬಲಾದ ಮೇಲೆ ಹಾಗೆಯೇ ಉಳಿಯಿತು. ಸುಮಿತ್ರಾಬಾಯಿ ತಾವೇ ಆರತಿ ಹೇಳಿ ಕಾರ್ಯಕ್ರಮ ಮುಗಿಸಿದರು. ಬಸ್ಸಿನಲ್ಲಿ ದ್ರೌಪದಿ ಡ್ರೈವರ್ ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತಿದ್ದರು. ಸೊಲ್ಲಾಪುರದವರೆಗೂ ಹಿಂದಿರುಗಿ ನೋಡಲಿಲ್ಲ.

ಅವರು ತಾಲೀಮಿಗೆ ಬರುವುದನ್ನು ಬಿಟ್ಟರು. ಶಾಲೆಗೆ ರಜೆ ಬಿದ್ದಾಗ ತವರೂರು ಕಂದಲಗಾಂವಕ್ಕೆ ಹೋದರು. ಗೋಪಿಕಾಬಾಯಿ ಎಕ್ಸ್‌ಚೇಂಜಿನಲ್ಲಿ ತಪ್ಪು ತಂತಿ ಚುಚ್ಚಿ ಬೈಸಿಕೊಂಡರು, ಅನ್ನ ಸೀಯಿಸಿದರು, ಪೇಟಿ ತೆಗೆದು ಮುಚ್ಚಿದರು. ಕೊನೆಗೊಂದು ಬೆಳಿಗ್ಗೆ ಗಂಡನಿಗೂ ಹೇಳದೆ ಕಂದಲಗಾಂವದ ಬಸ್ಸು ಹತ್ತಿದರು.

ದ್ರೌಪದಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಕುಳಿತುಕೊಳ್ಳಲು ಹೇಳಿದರು, ನೀರು ಕೊಟ್ಟರು, ಮತ್ತೆ ಮೊರ ಕೈಗೆತ್ತಿಕೊಂಡರು.

"ಆ ಮೈಕು ಚಾಲೂ ಇತ್ತಂತ ನನಗ ಖಬರ ಇದ್ದಿದ್ದಿಲ್ರಿ," ಎಂದರು ಗೋಪಿಕಾಬಾಯಿ.

"ಮೈಕಿನ ಮ್ಯಾಲ ಹಾಕಬ್ಯಾಡ್ರಿ. ಮೈಕು ಇರಲಿಲ್ಲಂದ್ರೂ ನೀವು ಆ ಮಾತು ಆಡ್ತಿದ್ರಿ."

"ಆಡ್ತಿದ್ದೆ. ಆದ್ರ ನಿಮಗ ಕೇಳಸ್ತಿದ್ದಿಲ್ಲ."

"ಹಂಗಾದ್ರ ಬರೊಬ್ಬರಿ ಆಗ್ತಿತ್ತೇನು?"

ಗೋಪಿಕಾಬಾಯಿ ಎದ್ದು ಅಂಗಳದಲ್ಲಿ ಅತ್ತಿತ್ತ ನಡೆದರು. ಕಟ್ಟೆಯ ಮೇಲೆ ಕೂತರು, ಮತ್ತೆ ಎದ್ದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತು ಯಾವುದೂ ನೆನಪಾಗಲಿಲ್ಲ. ಬಂದದ್ದು ಬೇರೆ ಮಾತು.

"ಪದಾ ಎಷ್ಟು ಎತ್ತರದಾಗ ಹಾಡಬೇಕು ಅನ್ನೂದು ಪೇಟಿ ಹಿಡಿಯೋರ ಕೈಯಾಗ ಇರ್ತದ. ನಾ ಪ್ರತಿ ಸಲ ನನ್ನ ಧ್ವನಿಗೆ ಹೊಂದೋ ಪಟ್ಟಿನ ಹಿಡದೀನಿ. ನಿಮಗ ಎಂದೂ ಕೇಳಿಲ್ಲ. ಎರಡು ಪಟ್ಟಿ ಕೆಳಗ ಹಿಡದ್ರ ನೀವು ಜಾರೂದಿಲ್ಲ."

ದ್ರೌಪದಿ ಮೊರ ಕೆಳಗಿಟ್ಟರು. "ಅದು ನನಗೂ ಗೊತ್ತಿತ್ರಿ. ಕೇಳಿದ್ರ, ಹಾಡಾಕ ಬರೂದಿಲ್ಲ ಅಂತೀರಿ ಅಂತ ಸುಮ್ಮನಿದ್ದೆ." ಸೆರಗಿನ ಮೇಲಿನ ಹೊಟ್ಟು ಕೊಡವಿಕೊಂಡು ಅಂದರು: "ಬರ್ತೀನಿ. ಆದ್ರ ನೀವು ಅದನ್ನ ತಲಿಗೆ ಹಾಕ್ಕೊಂಡ್ರ ನಾ ನಿಮ್ಮ ಬಾಜೂ ನಿಂದ್ರೂದಿಲ್ಲ. ನೀವು ಉಸರು ಬಿಟ್ರೂ ನನಗ ಹೆದರಿಕಿ ಆಗ್ತದ."

ಗೋಪಿಕಾಬಾಯಿಗೆ ಹೆಡ್‌ಸೆಟ್ ಬಿಡುವ ಮನಸ್ಸಾಗಲಿಲ್ಲ. ಅಕ್ಕಲಕೋಟದ ಆ ಮೂರು ಪದ ಅವರ ಗಂಟಲಲ್ಲಿ ಇನ್ನೂ ಬಿಸಿಯಾಗಿದ್ದವು. ಊರಿಗೆ ಬಂದವರೇ ಮತ್ತೆ ಅಣ್ಣಾರಾಯರ ಅಂಗಡಿಗೆ ಹೋದರು. ಬೇಕೆಂದಾಗ ಮೈಕು ಬಂದ್ ಮಾಡಲು ಒಂದು ಬಟನ್ ಹಚ್ಚಿದರೆ? ಎರಡೂ ಕೈಗೆ ಕೆಲಸವಿತ್ತು, ಅದಕ್ಕೆ ಬಟನ್ನನ್ನು ಮೊಣಕಾಲಿನ ಕೆಳಗೆ ಇಟ್ಟುನೋಡಿದರು. ಮೊಣಕಾಲೂ ಸುಮ್ಮನಿರುವುದಲ್ಲ, ಸಾಲಿಗೆರಡು ಸಲ ದನಿ ಕಟ್ಟಾಯಿತು.

"ನೀವೇ ಅಲ್ಲಿಂದ ಬಂದ್ ಮಾಡ್ರಿ," ಎಂದರು ಗೋಪಿಕಾಬಾಯಿ.

"ನೀವು ಯಾವಾಗ ಯಾರಿಗೆ ಏನ ಅಂತೀರಿ ಅಂತ ನಾ ಬಾಯಿ ನೋಡಕೋತ ಕೂಡ್ಲೇನು? ನನಗ ಎರಡ ಸ್ಪೀಕರ್ ನೋಡೂದ ಸಾಕಾಗ್ಯಾದ."

ಹೀಗಾಗಿ ಮಂಡಳದ ಜೊತೆ, ಮರಳಿ ಬಂದ ದ್ರೌಪದಿಯ ಪಕ್ಕದಲ್ಲಿ ಹಾಡುವಾಗ ಸ್ಟ್ಯಾಂಡ್ ಮೈಕೇ ಎಂದಾಯಿತು. ಅಣ್ಣಾರಾಯ ಮುಂದೆ ನಿಲ್ಲಿಸುತ್ತಿದ್ದ ಸ್ಟ್ಯಾಂಡನ್ನು ಎಡಗಡೆಗೆ ಸರಿಸಿ, ಬಾಗಿದ ನಳಿಗೆಯೊಂದನ್ನು ಬೆಸುಗೆ ಹಾಕಿಸಿ, ಮೈಕು ಗಲ್ಲದ ಕೆಳಗೆ ಬರುವಂತೆ ಮಾಡಿಕೊಟ್ಟರು. ಬಗ್ಗಿದರೆ ದನಿ ಪೂರ್ತಿ ಹೋಗುತ್ತಿರಲಿಲ್ಲ, ತಬಲಾದತ್ತ ತಿರುಗಿದರೆ ಹೋಗುತ್ತಿತ್ತು. ಗೋಪಿಕಾಬಾಯಿ ತಿರುಗುವುದನ್ನು ಸಾಲುಗಳ ನಡುವೆ ಬರೀ ಪೇಟಿ ನುಡಿಸುವ ಹೊತ್ತಿಗೆ ಇಟ್ಟುಕೊಳ್ಳಲು ಕಲಿತರು, ಪೂರ್ತಿ ಕಲಿಯಲಿಲ್ಲ.

ಹೆಡ್‌ಸೆಟ್ಟನ್ನು ಬಿಡಲೂ ಇಲ್ಲ. ದುಧನಿಯ ಒಬ್ಬ ವ್ಯಾಪಾರಿಯ ಮನೆಯಲ್ಲಿ ಗಂಡ-ಹೆಂಡತಿ ಇಬ್ಬರದೇ ಕಾರ್ಯಕ್ರಮವಿದ್ದಾಗ ಅದನ್ನೇ ಹಾಕಿಕೊಂಡರು. ಹಾಡು ಅಕ್ಕಲಕೋಟದಷ್ಟೇ ಚೆನ್ನಾಗಿ ಬಂತು. ಆದರೆ ಎರಡು ಪದಗಳ ನಡುವೆ ಗಂಡನಿಗೆ ಏನೋ ಹೇಳಲು ತಿರುಗಿದವರು ತುಟಿ ಕಚ್ಚಿ ಸುಮ್ಮನಾದರು. ತಬಲಾ ಜೋರಾಯಿತೆಂದು ಕಣ್ಣಲ್ಲೇ ತಿಳಿಸಲು ಹೋದರೆ ಶಿವಾನಂದ ಇನ್ನೂ ಜೋರು ಮಾಡಿದರು.

ಎಪ್ಪತ್ತೇಳರಲ್ಲಿ ಮಂಡಳ ಮೂರನೆಯ ಸಲ ಅಕ್ಕಲಕೋಟಕ್ಕೆ ಹೋಯಿತು. ದ್ರೌಪದಿಯ ಪದಕ್ಕೆ ಗೋಪಿಕಾಬಾಯಿ ಎರಡು ಪಟ್ಟಿ ಕೆಳಗೆ ಹಿಡಿದರು. ಆ ಸಣ್ಣ ದನಿ ಮೇಲಿನ ಸ್ವರಕ್ಕೆ ಹೋಗಿ ಅಲ್ಲಿ ನಿಂತಿತು. ಜನ ತಲೆದೂಗಿದರು. ಗೋಪಿಕಾಬಾಯಿಯ ಸರದಿ ಬಂದಾಗ ಅವರ ದನಿ ಎರಡು ಕಡೆ ತಪ್ಪಿತು. ಮೂರನೆಯ ಕಡೆ ತಪ್ಪುವುದರಲ್ಲಿತ್ತು. ಪಕ್ಕದಲ್ಲಿ ನಿಂತಿದ್ದ ದ್ರೌಪದಿ ಮುಖ ಗಂಟಿಕ್ಕಿಕೊಂಡೇ ನಳಿಗೆ ಹಿಡಿದು ಮೈಕನ್ನು ಅವರ ಬಾಯಿಯ ಹಿಂದೆ ಹಿಂದೆ ತಿರುಗಿಸತೊಡಗಿದರು.

ಪದ ಮುಗಿದ ಮೇಲೆ, ಮೈಕನ್ನು ಅಂಗೈಯಲ್ಲಿ ಮುಚ್ಚಿ, "ನೆಟ್ಟಗ ಕೂಡ್ರಿ ಬಾಯಿ, ನನ್ನ ಕೈ ನೋಯಾಕತ್ತ್ಯಾದ," ಎಂದರು.

"ಇನ್ನೊಂದ ಪದಾ ಅಷ್ಟ," ಎಂದು ಗೋಪಿಕಾಬಾಯಿ ಆಗಲೇ ತಿದಿ ಒತ್ತತೊಡಗಿದ್ದರು.