ಜಗಲಿಯ ಕ್ಯಾಮರಾಕ್ಕೆ ನಾನು ಮಾಡಿದ ಉಪಕಾರ

ನಮ್ಮ ಜಗಲಿಗೆ ಕ್ಯಾಮರಾ ಬಂದದ್ದು ಕಳ್ಳರ ಭಯದಿಂದ ಎನ್ನುವುದು ನಮ್ಮ ಮಾಣಿ ಊರಿನ ಆಸುಪಾಸಿನಲ್ಲಿ ಎಲ್ಲರೂ ಒಪ್ಪಿಕೊಂಡಿರುವ ಕತೆ. ಸೋದರಮಾವ ಹಾಗೆ ಹೇಳುತ್ತಾರೆ, ಜಂಕ್ಷನ್ನಿನ ಅಂಗಡಿಯವರು ಹಾಗೆ ಹೇಳುತ್ತಾರೆ, ಅದನ್ನು ಕೊಂಡು ಕಳಿಸಿದ ಅಣ್ಣನಂತೂ ದುಬೈಯಲ್ಲಿ ಕುಳಿತು ಹೇಳುತ್ತಲೇ ಇರುತ್ತಾನೆ. ನಾನು ಮೂಡುಬಿದಿರೆಯ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆ ಮಾಡಿದವಳು. ಯಾರು ಏನು ಹೇಳಿದರೂ ಆಧಾರ ಎಲ್ಲಿ ಎಂದು ಕೇಳುವ ಚಟ ಅಲ್ಲಿ ಅಂಟಿದೆ. ಕದಿಯುವುದಕ್ಕೆ ನಮ್ಮ ಜಗಲಿಯಲ್ಲಿ ಇದ್ದದ್ದಾದರೂ ಏನು? ಒಂದು ಬೆಂಚು, ಎರಡು ಪ್ಲಾಸ್ಟಿಕ್ ಕುರ್ಚಿ, ಅದರಲ್ಲೊಂದರ ಕಾಲು ಸೊಟ್ಟ. ಕಳ್ಳನೇನಾದರೂ ಬಂದಿದ್ದರೆ ಕನಿಕರಪಟ್ಟು ಇನ್ನೊಂದು ಕುರ್ಚಿ ಇಟ್ಟುಹೋಗುತ್ತಿದ್ದ. ಊರಿನಲ್ಲಿ ಕೊನೆಯ ಸಲ ಕಳವಾದದ್ದು ಯಾರದೋ ಪಂಪಿನ ವಯರು. ಅದನ್ನು ಮಾರಿದ್ದು ಆ ಮನೆಯ ಅಳಿಯನೇ ಎಂದು ಆಮೇಲೆ ಗೊತ್ತಾಯಿತು. ಅಳಿಯಂದಿರಿಗೆ ಕ್ಯಾಮರಾ ಹಾಕುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ.

ಜಗಲಿಯಲ್ಲಿ ಇದ್ದದ್ದು ಅಮ್ಮ. ಅಮ್ಮನ ಮಡಿಲಲ್ಲಿ ಒಂದು ಮೊರ, ಮೊರದಲ್ಲಿ ಕತ್ತರಿಸಿದ ಬೀಡಿ ಎಲೆ, ಹೊಗೆಸೊಪ್ಪು, ನೂಲು. ಅಪ್ಪ ತೀರಿಹೋದಂದಿನಿಂದ ಹಗಲು ಹೊತ್ತಿನಲ್ಲಿ ಅವಳು ಕುಳಿತಲ್ಲೆಲ್ಲ ಈ ಮೊರ ಇತ್ತು. ಊಟವಾದ ಮೇಲೆ ಪಕ್ಕದ ಮನೆಯ ಬ್ಯಾರಿ ಅಕ್ಕ ತನ್ನ ಮೊರ ಹಿಡಿದುಕೊಂಡು ಬರುತ್ತಿದ್ದರು. ಬೆರಳು ಒಂದು ಕೆಲಸ, ಬಾಯಿ ಇನ್ನೊಂದು ಕೆಲಸ ಮಾಡುತ್ತಾ ಇಬ್ಬರೂ ಸಂಜೆಯವರೆಗೆ ಅರ್ಧ ಬಂಟ್ವಾಳ ತಾಲೂಕಿನ ವಿಚಾರಣೆ ಮುಗಿಸುತ್ತಿದ್ದರು. ಒಳಗೆ ಕುಳಿತರೆ ಹೊಗೆಸೊಪ್ಪಿನ ಘಾಟಿಗೆ ಕೆಮ್ಮು, ಬೆಳಕೂ ಸಾಲದು. ಹಾಗಾಗಿ ಜಗಲಿಯೇ ಆಗಬೇಕು.

ಆ ಹೊತ್ತಿಗೆ ಅಣ್ಣನಿಗೆ ಬೆಳ್ತಂಗಡಿ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗಿಯ ಮನೆಯವರು ವಿಚಾರಿಸಿದರಂತೆ, ‘ಹುಡುಗ ಗಲ್ಫಿನಲ್ಲಿ ಇದ್ದಾನೆ ಅಂತೀರಿ, ಅವನ ಅಮ್ಮ ಇನ್ನೂ ಬೀಡಿ ಕಟ್ತಾರಂತೆ?’ ಈ ಪ್ರಶ್ನೆಯನ್ನು ಸೋದರಮಾವ ಜೋಪಾನವಾಗಿ ದುಬೈಗೆ ತಲುಪಿಸಿದರು. ಅಂದಿನಿಂದ ಅಣ್ಣನ ಫೋನಿನ ಧಾಟಿ ಬದಲಾಯಿತು. “ಅಮ್ಮ, ಇನ್ನು ಸ್ವಲ್ಪ ಆರಾಮ ಮಾಡು. ಬೆನ್ನಿಗೆ ಒಳ್ಳೆಯದಲ್ಲ.” ಅಮ್ಮ, “ಆಯ್ತು ಮಗ, ಆರಾಮದಲ್ಲಿದ್ದೇನೆ” ಎನ್ನುವಳು. ಫೋನಿಟ್ಟು ಮೊರ ಎತ್ತಿಕೊಳ್ಳುವಳು. ಬೀಡಿ ಎನ್ನುವ ಮಾತು ಇಬ್ಬರ ಬಾಯಿಂದಲೂ ಬರಲಿಲ್ಲ. ಚಿಕ್ಕಂದಿನಲ್ಲಿ ಎಲೆ ಕತ್ತರಿಸುವುದರಲ್ಲಿ ನನಗಿಂತ ಚುರುಕಾಗಿದ್ದವನು ಅಣ್ಣ. ದುಬೈಯ ಬಿಸಿಲಿಗೆ ಅದೆಲ್ಲ ಆವಿಯಾಗಿತ್ತೆಂದು ಕಾಣುತ್ತದೆ.

ಒಂದು ತಿಂಗಳಲ್ಲಿ ಪಾರ್ಸೆಲ್ ಬಂತು. ಮೋಟಾರಿನಿಂದ ಸುತ್ತ ತಿರುಗುವ, ಮೇಲೆ ಕೆಳಗೆ ತಲೆಯಾಡಿಸುವ, ಸಿಮ್ ಕಾರ್ಡಿನಲ್ಲಿ ಓಡುವ ಬಿಳಿ ಕ್ಯಾಮರಾ. ಅದನ್ನು ಹಾಕಿದ್ದು ನಾನು. ಎಲ್ಲವನ್ನೂ ಪ್ರಶ್ನಿಸುವ ನಾನು ಆ ದಿನ ಕೇಳಿದ ಒಂದೇ ಪ್ರಶ್ನೆ, “ಡ್ರಿಲ್ ಎಲ್ಲಿ ಉಂಟು?”

ನಮ್ಮದು ಕೆಂಪುಕಲ್ಲಿನ ಗೋಡೆ. ಡ್ರಿಲ್ ಅದರೊಳಗೆ ಸಲೀಸಾಗಿ ಹೋಗುತ್ತದೆ, ಸ್ಕ್ರೂ ಅಷ್ಟೇ ಸಲೀಸಾಗಿ ಹೊರಗೆ ಬರುತ್ತದೆ. ಮೂರು ತೂತು ಕೊರೆದು, ತಲೆತುಂಬ ಕೆಂಪು ಹುಡಿ ಮಾಡಿಕೊಂಡ ಮೇಲೆ ಗೋಡೆ ಬಿಟ್ಟೆ. ಹೆಂಚಿನ ಮಾಡಿನ ಮರಕ್ಕೆ ಹಲಸಿನ ಹಲಗೆಯೊಂದನ್ನು ಬಿಗಿದು, ಅದಕ್ಕೆ ಕ್ಯಾಮರಾವನ್ನು ತಲೆಕೆಳಗಾಗಿ ನೇತುಹಾಕಿದೆ. ಮೊದಲ ದಿನ ಅಣ್ಣನಿಗೆ ಮನೆ ಪೂರ್ತಿ ತಲೆಕೆಳಗಾಗಿ ಕಂಡಿತು. “ಎಂತದು ಇದು, ಅಮ್ಮ ಮಾಡಿನಲ್ಲಿ ನೇತಾಡ್ತಿದ್ದಾಳೆ!” ಎಂದು ಕೂಗಿದ. ಆ್ಯಪಿನಲ್ಲಿ ಚಿತ್ರ ತಿರುಗಿಸುವ ಗುಂಡಿ ಎಲ್ಲಿದೆ ಎಂದು ಫೋನಿನಲ್ಲೇ ಹೇಳಿಕೊಟ್ಟೆ. ಚಿತ್ರ ನೇರವಾಯಿತು. ಅವನಿಗೆ ನೇರವಾಗಿ ಕಂಡದ್ದು ಅದೊಂದೇ ಇರಬೇಕು.

ಇನ್ನು ಕರೆಂಟಿನ ಸಂಗತಿ. ಕಿಟಕಿಯಿಂದ ವಯರು ಎಳೆದು ಒಳಗಿನ ಪ್ಲಗ್ಗಿಗೆ ಸಿಕ್ಕಿಸಿದ್ದೆ. ಗುಡುಗಿದರೆ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುವುದು ನಮ್ಮ ಕಡೆ ಹಲ್ಲುಜ್ಜುವಷ್ಟೇ ಸಹಜ. ಅಮ್ಮ ಕ್ಯಾಮರಾದ್ದನ್ನೂ ಕೀಳುತ್ತಿದ್ದಳು. ವಿಶೇಷವೆಂದರೆ ಕ್ಯಾಮರಾ ಬಂದ ಮೇಲೆ ನಮ್ಮ ಮನೆಯ ಮೇಲೆ ಮಾತ್ರ ಗುಡುಗು ಜಾಸ್ತಿಯಾಯಿತು. ದಿನಾ ಊಟದ ನಂತರ ಗುಡುಗುತ್ತಿತ್ತು. ಆಕಾಶದಲ್ಲಿ ಮೋಡದ ಚೂರೂ ಇರುತ್ತಿರಲಿಲ್ಲ.

“ಅಮ್ಮ, ಫೋನಿನಲ್ಲಿ ನೋಡಿದ್ರೆ ಮಾಣಿಯಲ್ಲಿ ಬಿಸಿಲು ಅಂತ ತೋರಿಸ್ತದೆ,” ಅಣ್ಣ ಕೇಳಿದ.

“ನಿನಗೆ ದುಬೈಯಲ್ಲಿ ಕೂತು ಇಲ್ಲಿನ ಗುಡುಗು ಕೇಳ್ತದಾ? ನನಗೆ ಕೇಳ್ತದೆ,” ಎಂದಳು ಅಮ್ಮ.

ಅಣ್ಣ ವಾದ ಬಿಟ್ಟು, ಏನಾದರೂ ಉಪಾಯ ಮಾಡೆಂದು ನನಗೆ ಹೇಳಿದ. ನಾನು ಬಿ.ಸಿ.ರೋಡಿನ ಪೇಟೆಗೆ ಹೋಗಿ ಕ್ಯಾಮರಾಕ್ಕೆಂದೇ ಸಿಗುವ ಸಣ್ಣ ಬ್ಯಾಟರಿ ಪೆಟ್ಟಿಗೆ ತಂದು, ಹಲಗೆಯ ಹಿಂದೆ ಕಟ್ಟಿದೆ. ಪ್ಲಗ್ ಕಿತ್ತರೂ ನಾಲ್ಕು ಗಂಟೆ ಓಡುತ್ತದೆ. ಅಮ್ಮ ಕೆಳಗೆ ನಿಂತು ನೋಡಿ, “ಜೋರಿದ್ದಿ ನೀನು” ಎಂದಳು. ಹೊಗಳಿಕೆ ಎಂದುಕೊಂಡೆ. ಮರುದಿನದಿಂದ ಗುಡುಗು ನಿಂತಿತು.

ಉಳಿದದ್ದು ಸದ್ದು. ಮೋಟಾರು ತಿರುಗಿದಾಗಲೆಲ್ಲ ಹಲಗೆ ಅದನ್ನು ಹಿಡಿದು ಹತ್ತು ಪಟ್ಟು ಮಾಡಿ ಕೊಡುತ್ತಿತ್ತು. ವೀಣೆಗೆ ಹಲಸಿನ ಮರವೇ ಯಾಕೆ ಬೇಕು ಎನ್ನುವುದು ನನಗೆ ಆಗ ತಿಳಿಯಿತು. ಕೋಳಿ ಓಡಿದರೆ ಗೊರ್ರ್, ಕೋಳಿ ನಿಂತರೆ ಗೊರ್ರ್. ನಡೆದಾಡುವುದನ್ನೆಲ್ಲ ಹಿಂಬಾಲಿಸುವುದನ್ನು ಆ್ಯಪಿನಲ್ಲಿ ನಿಲ್ಲಿಸಿದೆ. ಆಮೇಲೆ ಅಣ್ಣ ಅಲ್ಲಿಂದ ತಿರುಗಿಸಿದಾಗ ಮಾತ್ರ ಸದ್ದು. ಅದೇ ದಿನಕ್ಕೆ ಏಳೆಂಟು ಸಲ ಆಗುತ್ತಿತ್ತು. ಪರೀಕ್ಷೆಗೆ ಓದಲು ರಜೆ ಕೊಟ್ಟಿದ್ದರಿಂದ ದಿನವಿಡೀ ಹಿಂದಿನ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿದ್ದ ನನಗೆ ಅದು ತಲೆನೋವು. ಅಣ್ಣನೂ, “ಇಲ್ಲಿ ಮೋಟಾರಿನ ಸದ್ದು ಬಿಟ್ರೆ ಮತ್ತೆ ಎಂತದೂ ಕೇಳುದಿಲ್ಲ ಮಾರಾಯ್ತಿ, ಏನಾದ್ರೂ ಮಾಡು” ಎಂದ. ಹಳೆಯ ಸೈಕಲ್ ಟ್ಯೂಬನ್ನು ಬಳೆ ಬಳೆಯಾಗಿ ಕತ್ತರಿಸಿ, ಹಲಗೆಗೂ ಕ್ಯಾಮರಾಕ್ಕೂ ನಡುವೆ ಕೊಟ್ಟು ಸ್ಕ್ರೂ ಬಿಗಿದೆ. ಸದ್ದು ಪೂರ್ತಿ ಅಡಗಿತು.

“ಅದು ಹಾಳಾಯ್ತಾ?” ಅಮ್ಮ ಕೇಳಿದಳು.

“ಇಲ್ಲ, ಸರಿಯಾಯ್ತು.”

ಅಮ್ಮ ತುಂಬ ಹೊತ್ತು ಅದನ್ನೇ ನೋಡುತ್ತಾ ನಿಂತಳು. ನನ್ನ ಕೈಕೆಲಸ ಮೆಚ್ಚುತ್ತಿದ್ದಾಳೆ ಎಂದು ನಾನು ಬೀಗಿದೆ. ಪರೀಕ್ಷೆ ಹತ್ತಿರ ಬಂದದ್ದರಿಂದ ಮರುದಿನ ಮೂಡುಬಿದಿರೆಯ ಹಾಸ್ಟೆಲಿಗೆ ಹೊರಟುಹೋದೆ.

ಎರಡು ವಾರ ಬಿಟ್ಟು ಶನಿವಾರ ಮಧ್ಯಾಹ್ನ ಮನೆಗೆ ಬಂದರೆ ಜಗಲಿಯಲ್ಲಿ ಯಾರೂ ಇಲ್ಲ. ಅಮ್ಮ ಅಡುಗೆಕೋಣೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಎಂತ ಆಯ್ತು ಎಂದರೆ “ಎಂತ ಇಲ್ಲ” ಎಂದಳು. ಬಾಗಿಲ ಹಿಂದೆ ಬೀಡಿ ಕಂಪನಿಯ ಬ್ರಾಂಚಿಗೆ ಒಯ್ಯುವ ಅವಳ ಚೀಲ ನೇತಾಡುತ್ತಿತ್ತು, ಖಾಲಿ. ಶನಿವಾರ ಎಂದರೆ ಕಟ್ಟಿದ ಬೀಡಿ ಕೊಟ್ಟು, ವಾರಕ್ಕೆ ಬೇಕಾದ ಎಲೆ, ಹೊಗೆಸೊಪ್ಪು ತರುವ ದಿನ.

ವಿಷಯ ಹೇಳಿದ್ದು ಪಕ್ಕದ ಮನೆಯ ಅಕ್ಕ. ಅವರು ಈಗ ಹಿತ್ತಿಲ ಬಾಗಿಲಿನಿಂದ ಬರುತ್ತಿದ್ದರು.

“ನಿನ್ನ ಅಣ್ಣ ಬ್ರಾಂಚಿಗೆ ಫೋನ್ ಮಾಡಿದ್ದಂತೆ. ಅಲ್ಲಿ ಲೆಕ್ಕ ಬರೆಯುವವ ಅವನ ಕ್ಲಾಸಿನವನೇ ಅಲ್ವಾ? ‘ಅಮ್ಮನಿಗೆ ಇನ್ನು ಎಲೆ ಕೊಡ್ಬೇಡ’ ಅಂತ. ಅವ ಸಾಲಿನಲ್ಲಿ ಎಲ್ಲರ ಎದುರು ಹೇಳಿಬಿಟ್ಟ, ‘ನೀವು ಮನೆಯಲ್ಲಿ ಕೂತ್ಕೊಳ್ಳಿ, ಮಗ ಇದ್ದಾನಲ್ಲ ನಿಮಗೆ’ ಅಂತ.”

“ಅಮ್ಮ ಇನ್ನೂ ಕಟ್ತಿದ್ದಾಳೆ ಅಂತ ಅವನಿಗೆ ಹೇಗೆ ಗೊತ್ತಾಯ್ತು?”

ಅಕ್ಕ ನನ್ನನ್ನು ವಿಚಿತ್ರವಾಗಿ ನೋಡಿದರು. “ಮೊದಲು ಅದು ತಿರುಗುವಾಗ ಗೊರ್ರ್ ಅಂತಿತ್ತಲ್ಲ ಮಗಳೇ, ಆಗ ಮೊರವನ್ನು ಬೆಂಚಿನ ಅಡಿಗೆ ದೂಡ್ತಿದ್ದೆವು. ಅದು ನಮ್ಮ ಕಡೆ ಮುಖ ಮಾಡುವಾಗ ನಾವು ಮಲ್ಲಿಗೆ ಕಟ್ಟುವವರ ಹಾಗೆ ಕೂತಾಗಿರ್ತಿತ್ತು. ನೀನು ಸದ್ದು ನಿಲ್ಲಿಸಿ ಹೋದಿ. ಕಟ್ಟುವವರ ಕಣ್ಣು ಮೊರದಲ್ಲಿರ್ತದೆ, ಮಾಡಿನಲ್ಲಿ ಇರ್ತದಾ? ಎರಡು ದಿನ ತಲೆ ಎತ್ತಿ ಎತ್ತಿ ನೋಡಿದೆವು. ಮತ್ತೆ ಮಾತಿನಲ್ಲಿ ಮರೆತುಹೋಯ್ತು.”

ಊಟದ ನಂತರದ ಆ ಗುಡುಗೂ ಆಗಲಷ್ಟೇ ನನಗೆ ಅರ್ಥವಾಯಿತು. ಮೂರು ವರ್ಷದಲ್ಲಿ ಎಷ್ಟೋ ಎದುರಾಳಿಗಳ ಮಾತಿನಲ್ಲಿ ತೂತು ಹುಡುಕಿದ ನಾನು, ಅಮ್ಮ ಇದ್ದಬದ್ದ ಸಂದುಗಳಲ್ಲಿ ನುಸುಳಿ ಉಳಿಸಿಕೊಂಡದ್ದನ್ನು ಒಂದೊಂದಾಗಿ ಮುಚ್ಚಿದ್ದೆ, ಅದೂ ಅಚ್ಚುಕಟ್ಟಾಗಿ. ಅಣ್ಣನ ಪಕ್ಷಕ್ಕೆ ನನಗಿಂತ ಒಳ್ಳೆಯ ವಕೀಲರು ಸಿಗುತ್ತಿರಲಿಲ್ಲ.

“ನನಗೆ ಒಂದು ಮಾತು ಹೇಳ್ಬಹುದಿತ್ತಲ್ಲ ಅಮ್ಮ,” ಎಂದೆ.

“ನಿನಗೆ ಹೇಳಿದ್ರೆ ನೀನು ಭಾಷಣ ಮಾಡ್ತಿ. ಎಲೆ ಸಿಗ್ತದಾ?” ಎಂದಳು ಅಮ್ಮ, ಪಾತ್ರೆಯಿಂದ ತಲೆ ಎತ್ತದೆ. ಅದನ್ನೇ ಇನ್ನೊಮ್ಮೆ ತೊಳೆಯುತ್ತಾ, “ಅಷ್ಟು ಜನರ ಎದುರು ಚೀಲ ಮಡಚಿಕೊಂಡು ಬರ್ಬೇಕಾಯ್ತು,” ಎಂದಳು.

ಸ್ಟೂಲು ತಂದು ಜಗಲಿಯಲ್ಲಿಟ್ಟು ಹತ್ತಿದೆ. ಟ್ಯೂಬಿನ ಬಳೆಗಳನ್ನು ಕಿತ್ತರೆ ಎಲೆ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಸ್ಕ್ರೂಡ್ರೈವರ್ ಕೈಯಲ್ಲಿತ್ತು. ಎರಡನೆಯ ಸ್ಕ್ರೂ ಬಿಚ್ಚುವಾಗ ಕ್ಯಾಮರಾ ಮಾತನಾಡಿತು.

“ಏಯ್, ಎಂತ ಮಾಡ್ತಿದ್ದೀ ನೀನು?” ಅಣ್ಣನ ಧ್ವನಿ, ಡಬ್ಬಿಯೊಳಗಿಂದ ಬಂದ ಹಾಗೆ.

“ಸದ್ದು ಬರುವ ಹಾಗೆ ಮಾಡ್ತಿದ್ದೇನೆ.”

“ಹುಚ್ಚಾ ನಿನಗೆ? ನಾನು ಅಮ್ಮನ ಒಳ್ಳೆಯದಕ್ಕೇ ಮಾಡಿದ್ದು. ಅವಳು ನನ್ನ ಮಾತು ಕೇಳುದಿಲ್ಲ, ನಾನು ಎಂತ ಮಾಡುದು?”

ಒಳಗೆ ಪಾತ್ರೆಯ ಸದ್ದು ನಿಂತಿತು. ಅಮ್ಮ ಬಾಗಿಲಿನವರೆಗೆ ಬಂದು, ಕ್ಯಾಮರಾಕ್ಕೆ ಕಾಣದ ಹಾಗೆ ಗೋಡೆಯ ಮರೆಯಲ್ಲಿ ನಿಂತಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನಾನು ಅವಳನ್ನು ನೋಡಿದೆ, ಆಮೇಲೆ ಮುಖದ ಹತ್ತಿರವೇ ಇದ್ದ ಆ ಕಪ್ಪು ಗಾಜನ್ನು ನೋಡಿದೆ.

“ಅಣ್ಣ, ‘ಆರಾಮ ಮಾಡು’, ‘ಬೆನ್ನು ನೋಯ್ತದೆ’ ಅಂತ ಹೇಳಿದ್ದೆಲ್ಲ ಬೇಡ. ‘ಅಮ್ಮ, ನೀನು ಬೀಡಿ ಕಟ್ಟಿದ್ರೆ ನನಗೆ ನಾಚಿಕೆ ಆಗ್ತದೆ’ ಅಂತ ನೀನು ಅವಳ ಹತ್ತಿರ ಬಾಯಿಬಿಟ್ಟು ಹೇಳಿದ್ದು ಯಾವತ್ತು?”